ಸರಿರಾತ್ರಿ

ಬೆಸ ರಾತ್ರಿಗಳಲ್ಲಿ ಹುಡುಕಿ ಅಂದಿದ್ದಾರೆ.
ಸುಮೇರಾ ಕ್ಯಾಲೆಂಡರಿನಲ್ಲಿ ಐದಕ್ಕೂ
ಹಸಿರು ಸುತ್ತು ಹಾಕಿದ್ದಾಳೆ.
ಒಂದಕ್ಕೆ ತಾಗಿಕೊಂಡೇ ಕೆಂಪು ಸುತ್ತು: ಗಣಿತ ಪರೀಕ್ಷೆ.
‘ಅಮ್ಮಿ, ಯಾವುದಕ್ಕೆ ಎದ್ದಿರಲಿ?’

ಅವಳಪ್ಪ ಇತಿಕಾಫಿಗೆ ಕೂತಿದ್ದಾರೆ,
ಮಸೀದಿಯ ಮೂಲೆಯಲ್ಲಿ ಪರದೆ ಕಟ್ಟಿಕೊಂಡು.
ದಿನಕ್ಕೆರಡು ಸಲ ಡಬ್ಬಿ ಕಳಿಸುತ್ತೇನೆ,
ತೊಳೆಯದೆ ವಾಪಸ್ ಬರುತ್ತದೆ.
ದುನಿಯಾ ಬಿಟ್ಟವರು ಪಾತ್ರೆಯನ್ನೂ ಬಿಟ್ಟಿರುತ್ತಾರೆ.

ನನ್ನ ದುವಾಗಳ ಪಟ್ಟಿ ಕರೆಂಟ್ ಬಿಲ್ಲಿನ ಬೆನ್ನಿಗಿದೆ:
ಗಣಿತ. ಹೊಸಲೈನ್ ರಸ್ತೆಯ ಅಂಗಡಿಯ ಬಾಕಿ ಬಾಡಿಗೆ.
ತಮ್ಮನ ಕಿಡ್ನಿ. ಪಕ್ಕದ ಮನೆ ಪುಟ್ಟತಾಯಮ್ಮ
ಕಾಂಪೌಂಡಿನ ಮೇಲಿಂದ ಹೇಳಿ ಸೇರಿಸಿದ್ದು,
‘ಸೊಸೆಗೆ ಸಲೀಸಾಗಿ ಹೆರಿಗೆಯಾಗಲಿ ಅಂತ
ನಿಮ್ಮ ದೊಡ್ಡ ರಾತ್ರೀಲಿ ಒಂದು ಮಾತು ಹಾಕಮ್ಮ.’

ಆ ಒಂದು ರಾತ್ರಿ ಸಾವಿರ ತಿಂಗಳಿಗಿಂತ ಮಿಗಿಲು.
ಸುಮೇರಾ ಭಾಗಿಸಿ ಹೇಳಿದಳು:
ಎಂಬತ್ತಮೂರು ವರ್ಷ, ನಾಲ್ಕು ತಿಂಗಳು.
ಒಳಕೋಣೆಯ ಮಂಚದ ಮೇಲೆ ಅತ್ತೆ, ಜೈತೂನ್‌ಬಿ.
ಆಧಾರ್ ಕಾರ್ಡಿನ ಪ್ರಕಾರ ಎಂಬತ್ತಮೂರು.
ನಾಲ್ಕು ತಿಂಗಳು ಹೆಚ್ಚೋ ಕಡಿಮೆಯೋ
ಹೇಳಬೇಕಾದವರು ಮರೆತಿದ್ದಾರೆ.

‘ಇವತ್ತೇನಾ ಆ ರಾತ್ರಿ?’ ದಿನಾ ಕೇಳುತ್ತಾರೆ.
ಇಪ್ಪತ್ತೆರಡರಂದು ಅಲ್ಲ ಅಂದೆ.
ಇಪ್ಪತ್ತನಾಲ್ಕರಂದು, ಅಲ್ಲಮ್ಮಾ, ಮಲಗಿ.
ಇಪ್ಪತ್ತಾರರಂದು, ನಾಳೆ.
‘ನಾಳೆ ನಾನೆಲ್ಲಿರ್ತೀನೋ,’ ಅಂದರು,
ಬಸ್ ಸ್ಟ್ಯಾಂಡಿನಲ್ಲಿ ಕೂತವರ ಹಾಗೆ.

ಇಪ್ಪತ್ತೇಳು.
ಪೆನ್ಷನ್ ಮೊಹಲ್ಲಾದ ತುಂಬ ಸೀರಿಯಲ್ ಲೈಟು,
ಜಿಲೇಬಿ ಬಾಣಲೆ, ಅತ್ತರು, ಬೈಕು.
ಆ ಮಧ್ಯಾಹ್ನವೇ ನಾನು ಮುಟ್ಟಾದೆ.
ವರ್ಷವಿಡೀ ಕಾದ ನಮಾಜು ಕೈತಪ್ಪಿತು.
ಜಾನಮಾಜ್ ಮಡಿಚಿ ಬೀರುವಿಗಿಟ್ಟು
ತಸ್ಬೀಹ್ ಹಿಡಿದು ಕುರ್ಚಿಯಲ್ಲಿ ಕೂತೆ.
ಎರಡು ಗಂಟೆಗೆ ಮಣಿ ಜಾರಿತು, ನಾನೂ ಜಾರಿದೆ.
ಅತ್ತೆಯೋ, ಅದೊಂದು ರಾತ್ರಿ ಏನೂ ಕೇಳದೆ
ಹಾಲು ಕುಡಿದ ಮಗುವಿನಂತೆ ನಿದ್ದೆ ಹೋದರು.

ಮರುದಿನ ಬೀದಿಯೇ ಸುಸ್ತು.
ಲೈಟು ಆರಿದೆ, ಬಾಣಲೆ ಬೋರಲು ಬಿದ್ದಿದೆ.
ಮಾರ್ಚಿನಲ್ಲೂ ಸ್ವೆಟರ್ ಕೇಳುವ ಹಾಸನದ ಚಳಿ.
ಸರಿ ಸಂಖ್ಯೆಯ ಸರಿರಾತ್ರಿ.
ಅತ್ತೆಯ ಬಟ್ಟೆ ಬದಲಿಸಿ, ಬೆನ್ನ ಹುಣ್ಣಿಗೆ ಪೌಡರ್ ಹಾಕಿ,
ಮಗ್ಗುಲು ತಿರುಗಿಸುವಾಗ
‘ಇವತ್ತೇನಾ?’

ಹೌದಮ್ಮಾ, ಅಂದೆ. ಇವತ್ತೇ.

ಎರಡೂ ಕೈ ಎತ್ತಿದರು. ತಮಗೇನೂ ಬೇಡಲಿಲ್ಲ.
ನನ್ನ ಕಡೆ ತಿರುಗಿ,
‘ಯಾರ ಮನೆ ಹುಡುಗಿಯೋ ನೀನು,
ನಿನಗೇನಾದರೂ ಅಂದಿದ್ದರೆ ಮಾಫ್ ಮಾಡು.’

ಅಂದಿದ್ದರು.
ಮದುವೆಯಾದ ಮೊದಲ ಈದಿಗೆ
ನನ್ನ ಶೀರ್ ಖುರ್ಮಾ ಗಟ್ಟಿಯಾಗಿತ್ತು.
ತುಂಬಿದ ಮನೆಯ ಎದುರು ಅಂದಿದ್ದರು,
‘ಗೋಡೆಗೆ ಪೋಸ್ಟರ್ ಹಚ್ಚೋಕೆ ಮಾಡಿದ್ದಾಳೆ.’
ಹತ್ತೊಂಬತ್ತು ವರ್ಷ ಆ ಮಾತನ್ನು
ಆರಲು ಬಿಡದೆ ಬಿಸಿ ಮಾಡುತ್ತ ಬಂದಿದ್ದೆ.
ಸುರಿದವರಿಗೆ ನೆನಪಿಲ್ಲ,
ಪಾತ್ರೆ ನನ್ನ ಕೈಯಲ್ಲೇ ಇದೆ.

ಹೂಂ, ಅಂದೆ.
ಇಡೀ ಮಾಫಿ ಅದರಲ್ಲಿತ್ತು ಅಂತ ಹೇಳಲಾರೆ.
ದೂರದಲ್ಲಿ ಮಂಗಳೂರಿನ ಗೂಡ್ಸ್ ರೈಲು ಕೂಗಿತು.
ಹೊದಿಕೆ ಎಳೆದು ಲೈಟ್ ಆರಿಸುವಷ್ಟರಲ್ಲಿ
‘ಹುಡುಗೀ, ಇವತ್ತೇನಾ?’

ಸಹರಿಗೆ ಅಕ್ಕಿ ತೊಳೆಯುವವರೆಗೆ
ನಾಲ್ಕು ಸಲ ಕೇಳಿದರು, ನಾಲ್ಕು ಸಲ ಕೈ ಎತ್ತಿದರು.
ಕರೆಂಟ್ ಬಿಲ್ಲು ಓದದೆ ಅಲ್ಲೇ ಉಳಿಯಿತು.
ನಾಲ್ಕನೆಯ ಸಲ
ನನ್ನ ಉತ್ತರ ಸ್ವಲ್ಪ ಬೇಗ ಬಂತು.