ಬಳ್ಳಾರಿ ಜಾಲಿ

ಕೌಲ್ ಬಜಾರಿನ ಹಿಂದೆ, ಜೀನ್ಸ್ ತೊಳೆದ
ನೀಲಿ ನೀರು ಹರಿವ ಮೋರಿಯ ಪಕ್ಕ
ಜಾಲಿಕಂಟಿಯೊಳಗೊಂದು ಕಾಲುದಾರಿ.
ನಾವು ಮಸೀದಿಗೆ ಹೋಗುವುದು ಅದರಲ್ಲೇ.
ರಸ್ತೆ ಇಲ್ಲವೆಂದಲ್ಲ, ರಸ್ತೆ ಸುತ್ತು.

ಈ ಮುಳ್ಳಿಗೆ ನಮ್ಮೂರಿನ ಹೆಸರೇ ಇದೆ.
ಬೇರೆ ಜಿಲ್ಲೆಯವರು ಕಾಲಿಗೆ ಚುಚ್ಚಿಸಿಕೊಂಡು
ಬೈಯುವಾಗಲೂ ಊರನ್ನು ಸೇರಿಸಿಯೇ ಬೈಯುತ್ತಾರೆ.

ನನ್ನ ನಾನಿ ಜೈತೂನಬಿ ಓದಿದವಳಲ್ಲ.
ಖುರಾನನ್ನು ಹೊದಿಕೆಯ ಮೇಲಿಂದ ಮುಟ್ಟಿ
ಕಣ್ಣಿಗೊತ್ತಿಕೊಳ್ಳುವಷ್ಟೇ ಅವಳ ವಿದ್ಯೆ.
ಜಾಲಿ ಕಡಿದು, ಹೊರೆ ಕಟ್ಟಿ,
ಚಹಾದಂಗಡಿಗಳಿಗೆ ಹಾಕುತ್ತಿದ್ದಳು.
ಒಂದು ಸಂಜೆ ಅವಳನ್ನೇ ಕೇಳಿದೆ:
"ತಖ್ವಾ ಅಂದ್ರ ಏನು ನಾನಿ?
ನಾಳೆ ಮದರಸಾದಾಗ ಹಜರತ್ ಕೇಳ್ತಾರ."

ಅವಳು ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು,
ಸೀರೆಯ ಅಂಚನ್ನು ಮೊಣಕಾಲಿಗೆತ್ತಿ ಹಿಡಿದಳು,
ಕಂಟಿಯೊಳಗೆ ಹೆಜ್ಜೆ ಇಟ್ಟು
"ಬಾ," ಅಂದಳು, "ನನ್ನ ಹಿಂದ ನಡಿ."

ಅಷ್ಟೇ ಪಾಠ.
ಹಜರತ್ತರಿಗೆ ಇದನ್ನು ಒಪ್ಪಿಸುವುದು ಹೇಗೆ?
ಬಾಯಿ ಬರಲಿಲ್ಲ. ಬೆತ್ತ ಬಂತು.

ಆ ರಂಜಾನು ಮೇ ತಿಂಗಳಲ್ಲಿ ಬಿದ್ದಿತ್ತು.
ಕೋಟೆ ಗುಡ್ಡದ ಬಂಡೆ ಹಗಲು ಕುಡಿದ ಬಿಸಿಲನ್ನು
ರಾತ್ರಿಯೆಲ್ಲ ಊರ ಮೇಲೆ ಉಗುಳುತ್ತಿತ್ತು.
ಹೊರೆ ಇಳಿಸುವಾಗ ಕಂಡಿತು ಒಂದು ಕೋಲು:
ಕೆತ್ತಿದ ತುದಿ, ನಡುವೆ ಹಗ್ಗ ಸವೆಸಿದ ಗುರುತು.
ಎರ್ರಿಸ್ವಾಮಿಯ ಬೇಲಿಯದು. ಹೇಗೋ ಸೇರಿಕೊಂಡಿದೆ.
ಅಜಾನಿಗೆ ಹತ್ತು ನಿಮಿಷ.
ತಟ್ಟೆಯಲ್ಲಿ ಎರಡು ಖರ್ಜೂರ, ಅವಳದೊಂದು ನನ್ನದೊಂದು.

"ಒಂದು ಕೋಲು ಬಿಡು ನಾನಿ,
ಅವಂಗೇನು ಗೊತ್ತಾಗ್ತೈತಿ?"
"ಅವಂಗ ಗೊತ್ತಾಗಲ್ಲ," ಅಂದಳು.
ಇನ್ನೇನೋ ಹೇಳುತ್ತಾಳೆಂದು ಕಾದೆ.
ಚಪ್ಪಲಿ ಹುಡುಕುತ್ತಿದ್ದಳು.

ಅಜಾನ್ ಕೇಳಿದ್ದು ಎರ್ರಿಸ್ವಾಮಿಯ ಅಂಗಳದಲ್ಲಂತೆ.
ಅವನ ಹೆಂಡತಿ ಕೊಟ್ಟ ತಂಬಿಗೆ ನೀರಿನಲ್ಲೇ
ರೋಜಾ ಬಿಟ್ಟಳಂತೆ.
ತಟ್ಟೆಯಲ್ಲಿ ಅವಳ ಖರ್ಜೂರ ಹಾಗೇ ಇತ್ತು.
ನಾನು ತಿಂದುಬಿಟ್ಟೆ.

ಈಗ ನಾನು ಜೀನ್ಸಿನ ಹಿಂಜೇಬು ಹೊಲಿಯುತ್ತೇನೆ,
ಜೋಡಿಗೆ ಮೂರು ರೂಪಾಯಿ.
ಇಪ್ಪತ್ತು ವರ್ಷ ಊರೂರಿನವರಿಗೆ ಜೇಬು ಕೊಟ್ಟಿದ್ದೇನೆ,
ಒಳಗೇನು ಬೀಳುತ್ತದೋ ನನಗೆ ಗೊತ್ತಿಲ್ಲ.
ರಂಜಾನ್ ಜಾರುತ್ತ ಜಾರುತ್ತ ಮಾಘಕ್ಕೆ ಬಂದಿದೆ.
ಮಧ್ಯಾಹ್ನದ ವಜೂಗೆ ನಲ್ಲಿ ತಿರುಗಿಸಿ
ಬಾಯಿ ಮುಕ್ಕಳಿಸುವಾಗ, ನಾಲಿಗೆಯ ಮೇಲೆ
ಒಂದು ಗುಟುಕು ತಣ್ಣಗೆ ನಿಂತಿರುತ್ತದೆ.
ನುಂಗಿದರೆ ಯಾರು ಕಂಡಾರು?
ಗಂಟಲು ಒಳಗಿನ ಕೋಣೆ, ಅದಕ್ಕೆ ಕಿಟಕಿಯಿಲ್ಲ.
ಉಗುಳುತ್ತೇನೆ. ಬೆರಳ ನೀಲಿ ಮಾತ್ರ ಹೋಗುವುದಿಲ್ಲ.

ನೀರು ಸುಲಭ. ಕಷ್ಟ ಲೆಕ್ಕದ್ದು.
ಹೋದ ಶನಿವಾರ ಗುಮಾಸ್ತ
ಇನ್ನೂರಾ ಆರು ಜೋಡಿಗೆ ಇನ್ನೂರ ನಲವತ್ತಾರು ಬರೆದ.
ಕೊಟ್ಟ ನೋಟು ಎಣಿಸಿದೆ, ಮಡಚಿದೆ, ಸುಮ್ಮನಾದೆ.
ನೂರಾ ಇಪ್ಪತ್ತು ರೂಪಾಯಿ:
ಪಾದದಲ್ಲಿ ಮುರಿದು ಉಳಿದ ಮುಳ್ಳಿನ ಮೊನೆ,
ನಿಂತಾಗ ನೋಯದು, ನಡೆದಾಗ ಗೊತ್ತು.

ಮೂರು ದಿನ ತಡೆದು ಒಯ್ದು ಕೊಟ್ಟೆ.
ಅವನು ನಕ್ಕ. "ಪುಸ್ತಕ ಮುಗಿಸೀನಿ ಹೊನ್ನೂರ್,
ಈಗ ತಗೊಂಡ್ರ ನನ್ನ ಲೆಕ್ಕ ತಪ್ಪತೈತಿ. ಇಟ್ಕೋ."
ಇದಕ್ಕೇನು ಮಾಡುವುದೋ ನಾನಿ ತೋರಿಸಿರಲಿಲ್ಲ.
ನೋಟು ಅಂಗಿಯ ಜೇಬಿನಲ್ಲಿದೆ, ಇನ್ನೂ.

ಇಶಾ ಮುಗಿಸಿ ಬರುವಾಗ ಕತ್ತಲು.
ಮೊಬೈಲ್ ಬೆಳಕು ಹಾಕುವುದಿಲ್ಲ.
ಎಲ್ಲಿ ಮುಳ್ಳು, ಎಲ್ಲಿ ದಾರಿ, ಒಂದೂ ಕಾಣದು.
ಎರಡೂ ಕೈಯಲ್ಲಿ ಲುಂಗಿ ಎತ್ತಿ ಹಿಡಿದಿದ್ದೇನೆ,
ಮುಂದೆ ಯಾರೋ ಸೀರೆ ಎತ್ತಿ ನಡೆಯುತ್ತಿರುವ ಹಾಗೆ
ನಿಧಾನ, ಒಂದೊಂದೇ ಹೆಜ್ಜೆ.