ಹೆಬ್ಬೆರಳು ರೋಗಿಯದಲ್ಲ

ವರದಿ ಬರೆಯುವ ಡಾಕ್ಟರು ಇರುವುದು ಮಂಗಳೂರಿನಲ್ಲಿ.
ಫೋಟೊ ನೋಡುವುದಿಲ್ಲ ಅವರು,
ಡೈಕಾಮ್ ಇದ್ದರೆ ಕಳಿಸು ಅನ್ನುತ್ತಾರೆ.
ದುರ್ಗಿಗುಡಿಯ ಈ ನೆಲಮಾಳಿಗೆಯಲ್ಲಿ
ನನ್ನ ಕೈಗೆ ಬಂದದ್ದು ವಾಟ್ಸ್ಆ್ಯಪಿನ ಒಂದು ಜೆಪೆಗ್:
ಭದ್ರಾವತಿಯ ಯಾವುದೋ ಕ್ವಾರ್ಟರ್ಸಿನ ವೆಂಟಿಲೇಟರು,
ಒಡೆದ ಗಾಜಿನ ಜಾಗಕ್ಕೆ ಮೊಳೆ ಹೊಡೆದು ಕೂರಿಸಿದ
ಒಬ್ಬ ಮನುಷ್ಯನ ಎದೆ.

ಹೊರಗಿನ ಬಿಸಿಲು ಅವನ ಶ್ವಾಸಕೋಶ ದಾಟಿ ಬಂದಿದೆ.
ಪಕ್ಕೆಲುಬಿನಾಚೆ ಕರೆಂಟಿನ ತಂತಿ,
ತಂತಿಯ ಮೇಲೆ ಕಾಗೆಯಂಥದ್ದೇನೋ.
ಕೆಳಗೆ, ಸುರುಳಿಯಾಗುವ ಅಂಚನ್ನು ಒತ್ತಿ ಹಿಡಿದ
ಒಂದು ಹೆಬ್ಬೆರಳು.

"ಕಿತ್ತು ತರಬಾರದಿತ್ತೇನಮ್ಮ?"
"ಸೊಳ್ಳೆ ಬರ್ತಾವೆ" ಅಂದರು ಜ್ಞಾನಮೇರಿ.

ಬಣ್ಣ ತೆಗೆಯುವುದು ಸುಲಭ, ಒಂದೇ ಒತ್ತು.
ಬಿಸಿಲು ಬೂದಿ, ಗೋಡೆಯ ಸುಣ್ಣ ಬೂದಿ,
ಉಗುರಿನಲ್ಲಿ ಉಳಿದ ಅರಿಶಿನವೂ ಬೂದಿ.
ಕಷ್ಟ ಆಮೇಲೆ.
ಡೈಕಾಮ್ ಬರೀ ಚಿತ್ರವಲ್ಲ,
ಜನಗಣತಿಯವರ ಹಾಗೆ ಬಾಗಿಲಲ್ಲಿ ನಿಂತು ಕೇಳುತ್ತದೆ:
ಹೆಸರು?
ಆರೋಗ್ಯಸ್ವಾಮಿ. ಕೆಮ್ಮುತ್ತಲೇ ಹೇಳಿದರು.
ಹುಟ್ಟಿದ ದಿನ?
ಆಧಾರಿನಲ್ಲಿ ಜನವರಿ ಒಂದು.
ನಮ್ಮಲ್ಲಿಗೆ ಬರುವ ಅರ್ಧ ಊರು ಹುಟ್ಟಿದ್ದು ಅವತ್ತೇ.
ಎಡ ಯಾವುದು, ಬಲ ಯಾವುದು?
ಮೊಳೆ ಹೊಡೆದವರು ತಿರುವಿ ಹೊಡೆದಿದ್ದರು.
ತಪ್ಪು ಮಗ್ಗುಲಿಗೆ ಮಲಗಿದ್ದ ಹೃದಯವನ್ನು
ಹೊರಳಿಸಿ ಅದರ ಜಾಗಕ್ಕೆ ಬಿಟ್ಟೆ.

ಎಕ್ಸ್‌ರೇ ತೆಗೆದ ತಾರೀಖು?
ಅದಿದ್ದ ಮೂಲೆಯೇ ಇಲ್ಲ.
ಹೆಸರು, ನಂಬರು, ಕಂಪನಿ ಆಸ್ಪತ್ರೆಯ ಗುರುತು,
ಎಲ್ಲವನ್ನೂ ಗ್ರಹಣ ನೋಡಲು ಮೊಮ್ಮಗಳು ಕತ್ತರಿಸಿಕೊಂಡಳಂತೆ;
ಬೈಬೇಕಾದವರು ಸರದಿಯಲ್ಲಿ ನಿಂತು ತಾವೂ ನೋಡಿದರಂತೆ.
ಅಜ್ಜನ ತಾರೀಖಿನೊಳಗಿಂದ
ಸೂರ್ಯನನ್ನು ಚಂದ್ರ ಕಚ್ಚಿದ್ದು ಚೆನ್ನಾಗಿ ಕಂಡಿತಂತೆ.

ಖಾಲಿ ಬಿಟ್ಟರೆ ಯಂತ್ರ ಇವತ್ತಿನ ದಿನ ತುಂಬಿಕೊಳ್ಳುತ್ತದೆ.
ಹಾಗಾದರೆ ಹಳೆಯದು ಹೊಸದಾಗಿ, ಹೋಲಿಸಲು ಏನುಳಿಯಿತು?
ಜ್ಞಾನಮೇರಿ ಬೆರಳು ಮಡಿಸಿದರು:
ಕುಲುಮೆಯ ರಾತ್ರಿಪಾಳಿ ಮುಗಿಸಿ ಬಂದು ರಕ್ತ ಕೆಮ್ಮಿದ್ದು,
"ನಂಗಾಗ ಏಳು ತಿಂಗ್ಳು. ಬಾಗ್ಲಾಚೆ ನಿಲ್ಸಿದ್ರು,
ಹೊಟ್ಟೇಲಿರೋದಕ್ಕೆ ತಾಗಬಾರ್ದು ಅಂತ."
ತಾಗದೆ ಉಳಿದವಳು ಈಗ ಮೇಲೆ ಬಿಲ್ಲಿನ ಸಾಲಿನಲ್ಲಿದ್ದಾಳೆ,
ಹುಟ್ಟಿದ್ದು ಎಂಬತ್ತೆಂಟರ ಮಾರ್ಚಿ.
ಎರಡು ತಿಂಗಳು ಹಿಂದಕ್ಕೆ ಸರಿದೆ.
ದಿನ ಗೊತ್ತಿಲ್ಲ,
ಮತ್ತೆ ಜನವರಿ ಒಂದು.

ಕೊನೆಗೆ ಅಳತೆ. ಒಂದು ಚುಕ್ಕಿಗೆ ಎಷ್ಟು ಮಿಲಿಮೀಟರು?
ಫೋನಿಗೇನು ಗೊತ್ತು.
ಬಲಗಡೆ ಮೇಲೆ ಒಂದು ಬಿಳಿ ಕಲೆ,
ತೊಗರಿ ಕಾಳಷ್ಟೋ, ಹುಣಸೆ ಬೀಜದಷ್ಟೋ.
ಇವತ್ತಿನ ಸ್ಕ್ಯಾನಿನಲ್ಲೂ ಅದೇ ಜಾಗದಲ್ಲಿದೆ, ಹನ್ನೊಂದು.
ಬೆಳೆದಿದೆಯೋ, ಸುಮ್ಮನೆ ಕೂತಿದೆಯೋ,
ಮಂಗಳೂರಿಗೆ ಬೇಕಾದದ್ದು ಅಷ್ಟೇ.

ಅಂಚು ಕತ್ತರಿಸಿ ಹೆಬ್ಬೆರಳು ಅಳಿಸಲು ಹೊರಟವಳು
ನಿಲ್ಲಿಸಿದೆ.
"ಇದು ಯಾರದು?"
ಅವರು ಕಳ್ಳತನ ಸಿಕ್ಕಿಬಿದ್ದವರ ಹಾಗೆ ಕೈ ಮುಂದೆ ಮಾಡಿದರು.
ಈರುಳ್ಳಿ ವಾಸನೆ. ಈಳಿಗೆ ತಾಗಿದ ಹಳೆಯ ಗೆರೆ,
ಪರದೆಯ ಮೇಲೆಯೂ ಅದೇ ಗೆರೆ.
ರಿಸೆಪ್ಷನ್ನಿನ ಹುಡುಗಿಯಿಂದ ಸ್ಕೇಲು ತರಿಸಿ ಅಳೆದೆ:
ಉಗುರಿನ ಬುಡದಲ್ಲಿ ಹತ್ತೊಂಬತ್ತು.
ಬೆರಳಿಗೆ ಇಷ್ಟು ಚುಕ್ಕಿಯಾದರೆ ಕಲೆಗೆಷ್ಟು,
ಹೈಸ್ಕೂಲಿನಲ್ಲಿ ನಾನು ಶಪಿಸಿದ ತ್ರೈರಾಶಿ.
ಹತ್ತೂವರೆ ಬಂತು.
ಹನ್ನೊಂದೂ ಇರಬಹುದು,
ಒತ್ತಿದ ಬೆರಳು ಸ್ವಲ್ಪ ಅಗಲ.

ಟಿಪ್ಪಣಿಯ ಖಾನೆಯಲ್ಲಿ ಬರೆದೆ:
ಕೆಳಗಿನ ನೆರಳು ಹೆಬ್ಬೆರಳು. ರೋಗಿಯದಲ್ಲ.
ತಾರೀಖು ಹೆಂಡತಿಯ ನೆನಪಿನಿಂದ.
ಅಳತೆ ಆ ಬೆರಳಿನಿಂದ, ಅಂದಾಜು.

ಕಳಿಸುವ ಗುಂಡಿ ಒತ್ತುವಾಗ
ಜಗತ್ತಿನಲ್ಲಿ ಇನ್ನಾರಿಗೂ ಇಲ್ಲದ ಉದ್ದನೆಯ ನಂಬರೊಂದನ್ನು
ಯಂತ್ರ ತಾನೇ ಹುಟ್ಟಿಸಿ ಅಂಟಿಸಿತು.

"ನನ್ ಬೆರಳೂ ಹೋಯ್ತಾ ಮಂಗಳೂರಿಗೆ?"
ಹೋಯಿತು.
ಕಾಗೆಯೂ ಹೋಯಿತು,
ಅದರ ಬಗ್ಗೆ ಯಾರೂ ಕೇಳಿರಲಿಲ್ಲ.