ಹತ್ತು ತೆತ್ರಿ

ಟಿಬಿಲಿಸಿಯ ಈ ಹಳೇ ಕಟ್ಟಡದಲ್ಲಿ
ಲಿಫ್ಟಿಗೂ ಹಸಿವು.
ಹತ್ತು ತೆತ್ರಿಯ ನಾಣ್ಯ ನುಂಗದೆ
ಅದು ಮೇಲೇಳುವುದಿಲ್ಲ.

"ದಿನಾ ಅರ್ಧ ಗಂಟೆ ನಡೀಬೇಕು, ಲಾಮಾರಾ,"
ಅಂದರು ಡಾಕ್ಟರು, ಕನ್ನಡಕದ ಮೇಲಿಂದ.
ಅರ್ಧ ಗಂಟೆ! ಎಲ್ಲಿದೆ ಅದು?
ಅಂಚೆ ಕಚೇರಿಯ ಕಿಟಕಿಯ ಹಿಂದೆ
ಕೂತು ಕೂತು ಸೊಂಟವೇ ಕುರ್ಚಿಯಾಗಿದೆ,
ಮನೆಗೆ ಬಂದರೆ ಒಲೆ ಕಾದಿರುತ್ತದೆ.

ಹಾಗಾಗಿ ಚಿಲ್ಲರೆಯಲ್ಲಿ ಕೂಡಿಸುತ್ತಾಳೆ.
ಅಕ್ರೋಟು ಅರೆಯುವಾಗ ಒಂಟಿಕಾಲು, ಕೊಕ್ಕರೆಯ ಹಾಗೆ.
ಪಾರ್ಸೆಲ್ಲಿಗೆ ಮುದ್ರೆ ಒತ್ತುವಾಗ
ಮೇಜಿನಡಿ ಹಿಮ್ಮಡಿ ಏಳುತ್ತದೆ, ಇಳಿಯುತ್ತದೆ,
ಸಾಲಲ್ಲಿ ನಿಂತವರಿಗೆ ಸುಳಿವಿಲ್ಲ.
ಬಾಲ್ಕನಿಯ ರಾಟೆಹಗ್ಗದಲ್ಲಿ
ಒದ್ದೆ ಹೊದಿಕೆಯನ್ನು ಅಂಗಳದಾಚೆಗೆ ದಾಟಿಸುವುದು:
ತೋಳಿಗೆ ಹನ್ನೆರಡು ಎಳೆತ, ಎಣಿಸಿ.

ಆಮೇಲೆ ಮೆಟ್ಟಿಲು. ಎಂಟು ಮಹಡಿ.
ಎರಡರಲ್ಲಿ ಈರುಳ್ಳಿ ಹುರಿದ ವಾಸನೆ,
ನಾಲ್ಕರಲ್ಲಿ ಯಾರದೋ ಪಿಯಾನೊ, ಅದೇ ತಪ್ಪು ಸ್ವರ,
ಆರರಲ್ಲಿ ಅವಳದೇ ಉಸಿರು, ಬೇರೇನಿಲ್ಲ.
ಉಳಿದ ನಾಣ್ಯ
ಬಾಗಿಲ ಪಕ್ಕದ ಗಾಜಿನ ಜಾಡಿಗೆ.

ಆರು ತಿಂಗಳಾಯಿತು. ಎದೆ ಹಗುರ.
ಜಾಡಿ ಮಾತ್ರ ತುಂಬುತ್ತಲೇ ಇಲ್ಲ.

ನಿನ್ನೆ ಏಳರಲ್ಲಿ ಗೋಡೆ ಹಿಡಿದು ನಿಂತಾಗ
ಪಕ್ಕದಲ್ಲೇ ಲಿಫ್ಟು ಕಿರುಗುಡುತ್ತ ಏರಿತು.
ಒಳಗೊಂದು ಸಿಳ್ಳೆ,
ಮೂವತ್ತು ವರ್ಷದಿಂದ ಕೇಳಿದ ಸಿಳ್ಳೆ.
ಬಾಗಿಲಲ್ಲಿ ತೆಂಗಿಜ್, ಕಂಕುಳಲ್ಲಿ ಬಿಸಿ ರೊಟ್ಟಿ:
"ಅರೆ, ನೀನೂ ಈಗ ಬಂದೆಯಾ?"

ರೊಟ್ಟಿಯ ತುದಿ ಮುರಿದು ಬಾಯಿಗಿಟ್ಟಳು,
ಏನೂ ಅನ್ನಲಿಲ್ಲ.

ಇವತ್ತು ಜಾಡಿ
ಕಪಾಟಿನ ನೆತ್ತಿಯ ಮೇಲಿದೆ,
ಅವನು ಕುರ್ಚಿ ಹತ್ತಿ, ತುದಿಗಾಲಲ್ಲಿ ನಿಂತು
ತೋಳು ಪೂರಾ ಚಾಚಿದರೆ
ಸಿಗುವಷ್ಟೇ ಎತ್ತರದಲ್ಲಿ.